ನಲಿ-ಕಲಿ ಕೆಲಸ ಮಾಡುತ್ತಿದೆಯಾ? ಮೊದಲು ಕೋಣೆಯೊಳಗೆ ಹೋಗಿ ನೋಡಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ, ಹಾಡು, ಆಟ, ಕಾರ್ಡುಗಳಿಂದ ಕಲಿಸುವ ನಲಿ-ಕಲಿ ಪದ್ಧತಿ. ಈ ವರ್ಷ ನನ್ನನ್ನು ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಸೇರಿಸಿಕೊಂಡಿದ್ದಾರೆ. ಊರಲ್ಲಿ ಕೆಲವರು 'ಅಲ್ಲಿ ಬರೀ ಹಾಡು, ಆಟ, ಮಕ್ಕಳಿಗೆ ಅಕ್ಷರ ಬರಲ್ಲ' ಅಂತಾರೆ. ಶಿಕ್ಷಕರನ್ನು ಕೇಳಿದರೆ 'ಪದ್ಧತಿ ಒಳ್ಳೆಯದೇ, ಆದರೆ...' ಅಂತ ಸುಮ್ಮನಾಗುತ್ತಾರೆ. ಇಂಥ ಪಠ್ಯಕ್ರಮವನ್ನು ಯಾರು ಹೇಗೆ ತಯಾರಿಸುತ್ತಾರೆ? ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನಮ್ಮಂಥವರು ತಿಳಿದುಕೊಳ್ಳೋದು ಹೇಗೆ?

ಉತ್ತರ: ನಿಮ್ಮ ಶಿಕ್ಷಕರು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಒಂದು ದಿನ ಬಿಡುವು ಮಾಡಿಕೊಂಡು ಪೂರ್ತಿ ಕೇಳಿ. ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಅಲ್ಲೇ ಇದೆ. ನಾನು ಬಹಳ ವರ್ಷ ಶಿಕ್ಷಕರ ತರಬೇತಿ ಮತ್ತು ಪಠ್ಯಕ್ರಮದ ಕೆಲಸದಲ್ಲಿ ಇದ್ದವನು. ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಒಂದು ಪದ್ಧತಿ ಒಳ್ಳೆಯದೋ ಅಲ್ಲವೋ ಅಂತ ತೀರ್ಮಾನ ಮಾಡುವ ಮುಂಚೆ, ಅದು ಆ ಕೋಣೆಯಲ್ಲಿ ನಿಜವಾಗಿ ನಡೆಯುತ್ತಿದೆಯಾ ಅಂತ ನೋಡಬೇಕು. ನಮ್ಮಲ್ಲಿ ಈ ಹೆಜ್ಜೆಯನ್ನೇ ಬಿಟ್ಟುಬಿಡುತ್ತೇವೆ. ಫಲಿತಾಂಶ ನೋಡುತ್ತೇವೆ, ಕಡಿಮೆ ಬಂದರೆ ಪದ್ಧತಿ ಸರಿಯಿಲ್ಲ ಅನ್ನುತ್ತೇವೆ, ಹೊಸದು ತರುತ್ತೇವೆ. ಹಳೆಯದು ಎಷ್ಟು ಶಾಲೆಗಳಲ್ಲಿ ಸರಿಯಾಗಿ ನಡೆದಿತ್ತು ಅಂತ ಯಾರೂ ಕೇಳುವುದಿಲ್ಲ.

ನಲಿ-ಕಲಿ ಎಲ್ಲಿಂದ ಬಂತು ಅನ್ನೋದರಿಂದ ಶುರು ಮಾಡುತ್ತೇನೆ. ತಯಾರಾದ ಬಗೆ ಗೊತ್ತಾದರೆ ಕೋಣೆಯಲ್ಲಿ ಏನು ನೋಡಬೇಕು ಅನ್ನೋದೂ ಗೊತ್ತಾಗುತ್ತದೆ.

1995ರಲ್ಲಿ ಮೈಸೂರು ಜಿಲ್ಲೆಯ ಎಚ್‌.ಡಿ. ಕೋಟೆ ತಾಲ್ಲೂಕಿನಲ್ಲಿ ಇದು ಶುರುವಾಯಿತು. ಯುನಿಸೆಫ್ ಬೆಂಬಲ ಇತ್ತು. ಕೋಟೆ ಕಾಡಂಚಿನ ತಾಲ್ಲೂಕು, ಬುಡಕಟ್ಟು ಜನರ ಹಾಡಿಗಳು ಜಾಸ್ತಿ. ಚಿಕ್ಕ ಚಿಕ್ಕ ಶಾಲೆಗಳು, ಒಬ್ಬರೋ ಇಬ್ಬರೋ ಶಿಕ್ಷಕರು, ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ. ಮಕ್ಕಳು ಕೆಲವು ವಾರ ಬರುತ್ತಾರೆ, ಕೊಯ್ಲು ಬಂದರೆ, ಮನೆಯವರು ಕೂಲಿಗೆ ಹೊರಟರೆ ನಿಂತುಬಿಡುತ್ತಾರೆ. ವಾಪಸ್ ಬಂದಾಗ ಪಾಠ ಎಲ್ಲೋ ಹೋಗಿರುತ್ತದೆ. ಇಡೀ ತರಗತಿಗೆ ಒಂದೇ ಪಾಠ, ಒಂದೇ ಪುಟ ಅನ್ನುವ ಪದ್ಧತಿ ಅಲ್ಲಿ ನಡೆಯೋದೇ ಸಾಧ್ಯವಿರಲಿಲ್ಲ.

ಆಗ ಅಲ್ಲಿನ ಒಂದಷ್ಟು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ನೋಡಿಬಂದರು. ರಿಷಿ ವ್ಯಾಲಿ ಅಂದ ಕೂಡಲೇ ಜನಕ್ಕೆ ದೊಡ್ಡ ವಸತಿ ಶಾಲೆ ನೆನಪಾಗುತ್ತದೆ. ಇವರು ನೋಡಿದ್ದು ಅದರ ಸುತ್ತಲಿನ ಹಳ್ಳಿಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಕಟ್ಟಿದ ಪುಟ್ಟ ಶಾಲೆಗಳನ್ನು. ಅಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳಿದ್ದವು. ಕಲಿಯಬೇಕಾದ್ದನ್ನೆಲ್ಲ ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಒಂದು ಏಣಿಯಂತೆ ಜೋಡಿಸಿದ್ದರು. ಪ್ರತಿ ಮಗುವೂ ತಾನು ಇರುವ ಮೆಟ್ಟಿಲಿನಿಂದ ಮುಂದೆ ಹೋಗುತ್ತಿತ್ತು. ಹದಿನೈದು ದಿನ ಬಿಟ್ಟು ಬಂದ ಮಗು ತಾನು ನಿಲ್ಲಿಸಿದ ಕಾರ್ಡನ್ನೇ ಎತ್ತಿಕೊಳ್ಳುತ್ತಿತ್ತು.

ಕೋಟೆಯ ಶಿಕ್ಷಕರು ಅದನ್ನು ಹಾಗೇ ತಂದು ಇಡಲಿಲ್ಲ. ಕನ್ನಡಕ್ಕೆ, ತಮ್ಮ ಮಕ್ಕಳಿಗೆ ಹೊಂದುವಂತೆ ಹಾಡು, ಕಥೆ, ಆಟ, ಕಾರ್ಡುಗಳನ್ನು ಕೂತು ತಯಾರಿಸಿದರು. ತಮ್ಮ ಕೋಣೆಯಲ್ಲಿ ಬಳಸಿ ನೋಡಿದರು, ತಿದ್ದಿದರು. ಪಠ್ಯಕ್ರಮ ತಯಾರಿಕೆ ಅಂದರೆ ನನ್ನ ಮಟ್ಟಿಗೆ ಇದೇ. ಏನು ಕಲಿಯಬೇಕು, ಅದಕ್ಕೆ ಮಗು ಏನು ಮಾಡಬೇಕು, ಯಾವುದು ಮೊದಲು ಯಾವುದು ಆಮೇಲೆ, ಕಲಿತಿದೆ ಅಂತ ಹೇಗೆ ಗೊತ್ತಾಗುತ್ತದೆ. ಅಮೆರಿಕದ ಶಿಕ್ಷಣ ತಜ್ಞ ರಾಲ್ಫ್ ಟೈಲರ್ 1949ರಲ್ಲೇ ಹೆಚ್ಚುಕಡಿಮೆ ಈ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟಿದ್ದ. ಇವತ್ತಿಗೂ ದೊಡ್ಡ ದೊಡ್ಡ ದಾಖಲೆಗಳೆಲ್ಲ ಇದೇ ನಾಲ್ಕರ ಸುತ್ತ ತಿರುಗುತ್ತವೆ.

ಮೂರನೆಯ ಪ್ರಶ್ನೆಗೆ, ಅಂದರೆ ಯಾವುದು ಮೊದಲು ಅನ್ನೋದಕ್ಕೆ, ಒಂದು ಉದಾಹರಣೆ ಕೊಡಲೇಬೇಕು. ಊರಲ್ಲಿ ಜಾಸ್ತಿ ತಕರಾರು ಬರೋದು ಅದರ ಮೇಲೆಯೇ. 'ನಮ್ಮ ಮಗುಗೆ ಅ ಆ ಇ ಈ ಕೂಡ ಹೇಳಿಕೊಟ್ಟಿಲ್ಲ' ಅಂತ ಅಪ್ಪ ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗೋದು ರ, ಗ, ಸ, ದ, ಅ ಇಂದ. ಯಾಕೆ ಗೊತ್ತಾ? ಈ ಐದು ಬಂದ ಕೂಡಲೇ ಮಗು ಸರ, ದರ, ಅರಸ, ಅಗಸ, ಗರಗಸ ಅಂತ ಓದಬಹುದು. ಕಾಗುಣಿತ ಬೇಡ, ಒತ್ತು ಬೇಡ. ಅದೇ ವರ್ಣಮಾಲೆಯ ಕ್ರಮ ಹಿಡಿದರೆ 13 ಸ್ವರ ಮುಗಿಸಿದರೂ ಓದೋಕೆ ಪದಗಳೇ ಹೆಚ್ಚು ಸಿಗಲ್ಲ. ಮಗು ಬಾಯಿಪಾಠ ಒಪ್ಪಿಸುತ್ತದೆ, ಓದುವುದಿಲ್ಲ. ಶುರುವಿನ ಕೆಲವೇ ವಾರಗಳಲ್ಲಿ 'ನಾನು ಓದಿದೆ' ಅನ್ನುವ ಖುಷಿ ಮಗುವಿಗೆ ಸಿಗಬೇಕು ಅನ್ನುವ ತೀರ್ಮಾನದಿಂದ ಈ ಕ್ರಮ ಬಂದದ್ದು. ವರ್ಣಮಾಲೆ ಮುಂದೆ ಬಂದೇ ಬರುತ್ತದೆ. ನಿಮ್ಮ ಊರಿನ ಹಿರಿಯರಿಗೆ ಇದನ್ನು ಯಾರಾದರೂ ಕೂರಿಸಿ ವಿವರಿಸಿದ್ದಾರಾ? ವಿವರಿಸಿರಲಿಕ್ಕಿಲ್ಲ. ಹೊಸ ಪದ್ಧತಿ ತಂದಾಗ ಶಿಕ್ಷಕರಿಗಾದರೂ ಒಂದಿಷ್ಟು ತರಬೇತಿ ಸಿಗುತ್ತದೆ, ಮನೆಯವರಿಗೆ ಯಾರೂ ಏನೂ ಹೇಳುವುದಿಲ್ಲ. ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ.

ಕನ್ನಡ ಓದುವುದನ್ನು ಕಲಿಯೋಕೆ ಎಷ್ಟು ಕಾಲ ಬೇಕು ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ. 34 ವ್ಯಂಜನಗಳಿಗೆ 13 ಸ್ವರ ಸೇರಿದರೆ 442 ರೂಪಗಳು. ಒತ್ತಕ್ಷರ ಬೇರೆ. ಇಂಗ್ಲಿಷಿನ 26 ಅಕ್ಷರ ಗುರುತಿಸುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಕರ್ನಾಟಕದ ಶಾಲಾ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಮಾಡಿದ ಸಂಶೋಧನೆ 2007ರಲ್ಲಿ ಪ್ರಕಟವಾಯಿತು. ಕನ್ನಡದ ಅಕ್ಷರ ಜ್ಞಾನ ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸ ಅಲ್ಲ, ಮೂರನೇ ನಾಲ್ಕನೇ ತರಗತಿಯವರೆಗೂ ಅದು ಬೆಳೆಯುತ್ತಲೇ ಇರುತ್ತದೆ ಅಂತ ಅದು ತೋರಿಸಿತು. ಹಾಗಾಗಿ ಎರಡನೇ ತರಗತಿಯ ನಿಮ್ಮ ಮಗಳು ಒತ್ತಕ್ಷರದಲ್ಲಿ ತಡವರಿಸಿದರೆ ಗಾಬರಿಯಾಗಬೇಡಿ. ಅದು ಆ ವಯಸ್ಸಿಗೆ ಸಹಜ. ಎರಡನೇ ತರಗತಿಯ ಕೊನೆಗೆ ಬಂದರೂ ಸರಳ ಪದ ಓದೋಕೆ ಆಗುತ್ತಿಲ್ಲ ಅಂದರೆ ಮಾತ್ರ ತಕ್ಷಣ ಗಮನ ಕೊಡಬೇಕು.

ಈಗ ಕೋಣೆಗೆ ಬರೋಣ. ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಐದು ಗುಂಪು. ಶಿಕ್ಷಕರು 'ತಟ್ಟೆ' ಅಂತ ಕರೆಯುತ್ತಾರೆ. ಮೊದಲ ತಟ್ಟೆಯಲ್ಲಿ ಶಿಕ್ಷಕರು ಪೂರ್ತಿ ಜೊತೆಗಿದ್ದು ಹೊಸದನ್ನು ಕಲಿಸುತ್ತಾರೆ. ಎರಡನೆಯದರಲ್ಲಿ ಸ್ವಲ್ಪ ಸಹಾಯ. ಮೂರು ಮತ್ತು ನಾಲ್ಕರಲ್ಲಿ ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಐದನೆಯದರಲ್ಲಿ ಮಗು ತಾನೇ ಮಾಡುತ್ತದೆ. ಪ್ರತಿ ಕಾರ್ಡಿನ ಮೇಲೆ ಒಂದು ಚಿತ್ರದ ಗುರುತು ಇರುತ್ತದೆ, ಅದೇ 'ಲೋಗೋ'. ಅದನ್ನು ನೋಡಿದರೆ ತಾನು ಯಾವ ತಟ್ಟೆಗೆ ಹೋಗಬೇಕು, ಏನು ಮಾಡಬೇಕು ಅಂತ ಓದಲು ಬಾರದ ಮಗುವಿಗೂ ತಿಳಿಯುತ್ತದೆ. ಒಂದಷ್ಟು ಮೆಟ್ಟಿಲು ಸೇರಿ ಒಂದು ಮೈಲಿಗಲ್ಲು. ಮೈಲಿಗಲ್ಲು ಮುಗಿದಾಗ ಅಲ್ಲೇ ಸಣ್ಣ ಪರೀಕ್ಷೆ. ಮಗುವಿಗೆ ಅದು ಪರೀಕ್ಷೆ ಅಂತ ಅನ್ನಿಸುವುದೂ ಇಲ್ಲ. ಬರದಿದ್ದರೆ ಪೂರಕ ಕಾರ್ಡು, ಬಂದರೆ ಮುಂದಕ್ಕೆ. ಯಾವ ಮಗು ಎಲ್ಲಿದೆ ಅನ್ನೋದು 'ಪ್ರಗತಿ ನೋಟ' ಅನ್ನುವ ಪಟ್ಟಿಯಲ್ಲಿ ದಾಖಲಾಗುತ್ತದೆ.

ಇದರಲ್ಲಿ ಬೋಧನೆ ಮತ್ತು ಮೌಲ್ಯಮಾಪನ ಬೇರೆ ಬೇರೆ ಆಗಿಲ್ಲ. ಮಗು ಎಲ್ಲಿ ಎಡವಿದೆ ಅನ್ನೋದು ಅದೇ ದಿನ ಶಿಕ್ಷಕರಿಗೆ ಗೊತ್ತಾಗುತ್ತದೆ, ಮಾರನೇ ದಿನ ಏನು ಮಾಡಬೇಕು ಅನ್ನೋದೂ ಗೊತ್ತಿರುತ್ತದೆ. ನನ್ನ ಪ್ರಕಾರ ನಲಿ-ಕಲಿಯ ಜೀವ ಇರೋದು ಇಲ್ಲಿ. ಹಾಡು, ಆಟ, ಮೇಲೆ ಕಟ್ಟುವ ಚಪ್ಪರ, ಮಕ್ಕಳ ಎತ್ತರಕ್ಕೆ ಹಾಕಿದ ಗೋಡೆ ಹಲಗೆ ಎಲ್ಲ ಚೆಂದವೇ, ಬೇಕಾದವೇ. ಆದರೆ ಅವೆಲ್ಲ ಇದ್ದು ಈ ಜೀವ ಇಲ್ಲದ ಕೋಣೆಗಳನ್ನು ನಾನು ಬಹಳ ನೋಡಿದ್ದೇನೆ.

2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆ ಒಂದು ಮತ್ತು ಎರಡನೇ ತರಗತಿಗೆ ನಲಿ-ಕಲಿ ಬಂತು. ಆಮೇಲೆ ಮೂರನೇ ತರಗತಿಗೂ. ಅಲ್ಲಿಂದ ಒಂದು ಕಷ್ಟ ಶುರುವಾಯಿತು. ಕೋಟೆಯ ಶಿಕ್ಷಕರಿಗೆ ಅದು ತಾವು ಕಟ್ಟಿದ್ದು. ಪ್ರತಿ ಕಾರ್ಡು ಯಾಕೆ ಅಲ್ಲಿದೆ ಅಂತ ಅವರಿಗೆ ಗೊತ್ತು. ಉಳಿದವರಿಗೆ ಅದು ಪೆಟ್ಟಿಗೆಯಲ್ಲಿ ಬಂದ ಸಾಮಾನು, ಜೊತೆಗೆ ಕೆಲವು ದಿನದ ತರಬೇತಿ. ಬಹಳ ಜನ ಶಿಕ್ಷಕರು ಅದನ್ನು ಮನಸ್ಸಿಟ್ಟು ಕಲಿತರು, ತಮ್ಮದಾಗಿಸಿಕೊಂಡರು. ಅಂಥವರ ಕೋಣೆಯಲ್ಲಿ ಅರ್ಧ ದಿನ ಕೂತರೆ ಎದ್ದು ಬರೋಕೆ ಮನಸ್ಸಾಗಲ್ಲ. ಆದರೆ ಅನೇಕ ಕಡೆ ಅದು ಬರೀ ಕ್ರಮವಾಗಿ ಉಳಿಯಿತು. ಇವತ್ತು ಈ ಲೋಗೋ, ನಾಳೆ ಆ ಲೋಗೋ. ಮಗುವಿಗೆ ಬಂತಾ ಅಂತ ನೋಡದೆ ಎಲ್ಲರನ್ನೂ ಒಟ್ಟಿಗೆ ಮುಂದಕ್ಕೆ ತಳ್ಳೋದು. ಅಲ್ಲಿಗೆ ಅದು ಹಳೆಯ ಪದ್ಧತಿಯೇ ಆಯಿತು, ಪುಸ್ತಕದ ಜಾಗದಲ್ಲಿ ಕಾರ್ಡು ಬಂತು ಅಷ್ಟೆ.

ಶಿಕ್ಷಕರ ಮೇಲೆ ತಪ್ಪು ಹಾಕೋದು ಸುಲಭ. ನಾನು ಹಾಕಲಾರೆ. ಈ ಪದ್ಧತಿಗೆ ಶಿಕ್ಷಕರು ಕೋಣೆಯಲ್ಲಿ ಇರಲೇಬೇಕು, ಪ್ರತಿದಿನ, ಪೂರ್ತಿ ಹೊತ್ತು. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ಸಭೆಗೆ, ಸಮೀಕ್ಷೆಗೆ, ಚುನಾವಣಾ ಕೆಲಸಕ್ಕೆ ಹೋದರೆ ಇನ್ನೊಬ್ಬರು ಐದೂ ತರಗತಿ ನೋಡಬೇಕು. ಆ ದಿನ ತಟ್ಟೆ ಇಲ್ಲ, ಏಣಿ ಇಲ್ಲ, ಮಕ್ಕಳು ಸುಮ್ನೆ ಕೂತಿದ್ದರೆ ಸಾಕು ಅನ್ನುವ ಸ್ಥಿತಿ. ಕಾರ್ಡು ಹರಿದರೆ ಹೊಸದು ಬರೋಕೆ ಎಷ್ಟೋ ದಿನ. ಏಣಿಯ ನಡುವೆ ನಾಲ್ಕು ಕಾರ್ಡು ಕಳೆದುಹೋದರೆ ಅಲ್ಲಿಗೆ ಬಂದ ಮಗು ಏನು ಮಾಡಬೇಕು ಹೇಳಿ? ನಿಮ್ಮ ಶಿಕ್ಷಕರು ನಿಲ್ಲಿಸಿದ ಮಾತು ಬಹುಶಃ ಇಂಥದ್ದೇ ಇರುತ್ತದೆ.

ಇನ್ನೊಂದು ಸಂಗತಿಯನ್ನು ಪಠ್ಯಕ್ರಮ ಬರೆಯುವವರು ಪದೇ ಪದೇ ಮರೆಯುತ್ತಾರೆ. ಎಲ್ಲ ಮಕ್ಕಳೂ ಮನೆಯಿಂದ ಕನ್ನಡ ತಂದಿರುತ್ತಾರೆ ಅಂತ ಅಂದುಕೊಂಡು ಬರೆಯುತ್ತಾರೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ. ಕರಾವಳಿಯಲ್ಲಿ ತುಳು, ಕೊಂಕಣಿ. ಎಷ್ಟೋ ಊರುಗಳಲ್ಲಿ ಉರ್ದು, ಗಡಿಯಲ್ಲಿ ತೆಲುಗು, ಮರಾಠಿ. 'ಅಗಸ' ಅನ್ನುವ ಪದವನ್ನೇ ಕೇಳಿರದ ಮಗು ಅದನ್ನು ಓದಿದರೂ ಏನೂ ಗೊತ್ತಾಗುವುದಿಲ್ಲ. ಅಂಥ ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಮಾತು ಬೇಕು. ಕಥೆ ಕೇಳಿಸಬೇಕು, ಮಾತಾಡಿಸಬೇಕು. ಹಾಗಾಗಿ ನಿಮ್ಮ ಊರಿನವರು ದೂರುವ 'ಬರೀ ಹಾಡು, ಆಟ' ಅಂಥ ಮಕ್ಕಳಿಗೆ ದೊಡ್ಡ ಆಸರೆ. ಅದನ್ನು ಕಡಿಮೆ ಮಾಡಿ ಅಂತ ಮಾತ್ರ ಯಾರೂ ಒತ್ತಾಯ ಮಾಡಬೇಡಿ.

ಇನ್ನು ಅಳೆಯುವ ವಿಷಯ. ನಿಮ್ಮ ಪ್ರಶ್ನೆಯ ಎರಡನೇ ಭಾಗ.

ಶಾಲೆಯಲ್ಲಿ ಎಫ್‌ಎ, ಎಸ್‌ಎ ಅಂತ ಕೇಳಿರುತ್ತೀರಿ. ಎಫ್‌ಎ ಅಂದರೆ ರೂಪಣಾತ್ಮಕ ಮೌಲ್ಯಮಾಪನ. ಮಗು ಕಲಿಯುತ್ತಿರುವಾಗಲೇ ನೋಡಿ, ಕಲಿಸುವ ರೀತಿಯನ್ನು ತಿದ್ದಿಕೊಳ್ಳೋಕೆ. ಎಸ್‌ಎ ಅಂದರೆ ಸಂಕಲನಾತ್ಮಕ, ಕೊನೆಗೆ ಎಷ್ಟು ಬಂತು ಅಂತ ನೋಡೋಕೆ. ವಿಚಾರ ಒಳ್ಳೆಯದು. ಆದರೆ ಎಫ್‌ಎ ಕೂಡ ಅಂಕ ತುಂಬುವ ಪಟ್ಟಿ ಆಗಿಬಿಟ್ಟರೆ ಅದರಿಂದ ಮಗುವಿಗೆ ಏನೂ ಲಾಭವಿಲ್ಲ. ಇದು ಬರೀ ನನ್ನ ಅಭಿಪ್ರಾಯ ಅಲ್ಲ. 2012-13ರಲ್ಲಿ ಹರಿಯಾಣದ ನೂರಾರು ಸರ್ಕಾರಿ ಶಾಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಚೀಟಿ ಎತ್ತಿದ ಹಾಗೆ ಶಾಲೆಗಳನ್ನು ಆರಿಸಿ, ಕೆಲವಕ್ಕೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ (ಎಫ್‌ಎ, ಎಸ್‌ಎ ಇದರದ್ದೇ ಭಾಗ) ತರಬೇತಿ ಕೊಟ್ಟರು. ಕೆಲವು ಶಾಲೆಗಳಲ್ಲಿ ದಿನಕ್ಕೆ ಸುಮಾರು ಒಂದು ಗಂಟೆ, ಮಗು ಯಾವ ತರಗತಿ ಅಂತ ನೋಡದೆ ಅದರ ಮಟ್ಟ ನೋಡಿ ಗುಂಪು ಮಾಡಿ ಕಲಿಸಿದರು. ಕೆಲವನ್ನು ಇದ್ದ ಹಾಗೇ ಬಿಟ್ಟರು. ನಿರಂತರ ಮೌಲ್ಯಮಾಪನ ಮಾಡಿದ ಶಾಲೆಗಳ ಮಕ್ಕಳು ಉಳಿದವರಿಗಿಂತ ಮುಂದೆ ಬರಲಿಲ್ಲ. ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸಿದ ಕಡೆ ಹಿಂದಿ ಓದು ಸುಧಾರಿಸಿತು.

ಇದಕ್ಕೂ ಮುಂಚೆ ಆಂಧ್ರದಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಇನ್ನೊಂದು ಪ್ರಯೋಗ ಮಾಡಿದ್ದರು. ಮಕ್ಕಳ ಪರೀಕ್ಷೆ ನಡೆಸಿ, ಯಾರು ಎಲ್ಲಿ ಹಿಂದಿದ್ದಾರೆ ಅಂತ ವಿವರವಾದ ವರದಿಯನ್ನು ಶಿಕ್ಷಕರಿಗೆ ಕೊಟ್ಟರು. ಯಾರಾದರೂ ಬಂದು ನೋಡುವಾಗ ಆ ಶಿಕ್ಷಕರು ಜಾಸ್ತಿ ಕೆಲಸ ಮಾಡುತ್ತಿದ್ದಂತೆ ಕಂಡರು. ಮಕ್ಕಳ ಕಲಿಕೆ ಮಾತ್ರ ಹೆಚ್ಚಾಗಲಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಅಳತೆ ಮಾಡಿದ ಮಾತ್ರಕ್ಕೆ ಕಲಿಕೆ ಹೆಚ್ಚಾಗಲ್ಲ. ತೂಕದ ಯಂತ್ರದ ಮೇಲೆ ದಿನಾ ನಿಲ್ಲಿಸಿದರೆ ಮಗು ದಪ್ಪ ಆಗುತ್ತಾ? ಅಳೆದದ್ದು ನಾಳೆಯ ಪಾಠವನ್ನು ಬದಲಾಯಿಸಬೇಕು. ಆ ಬದಲಾವಣೆ ಮಾಡೋಕೆ ಶಿಕ್ಷಕರಿಗೆ ಸಮಯವೂ ಬೇಕು, ಸಾಮಗ್ರಿಯೂ ಬೇಕು. ಮುಖ್ಯವಾಗಿ 'ಸಿಲಬಸ್ ಮುಗಿಸಿ' ಅನ್ನುವ ಒತ್ತಡದಿಂದ ಬಿಡುಗಡೆ ಬೇಕು. ಹರಿಯಾಣದಲ್ಲಿ ಆ ಒಂದು ಗಂಟೆ ಕೆಲಸ ಮಾಡಿದ್ದೂ ಬಹುಶಃ ಇದರಿಂದಲೇ. ಆ ಹೊತ್ತಿನಲ್ಲಿ ಶಿಕ್ಷಕರಿಗೆ ಮಗು ಇರುವ ಕಡೆಯಿಂದ ಶುರು ಮಾಡುವ ಸ್ವಾತಂತ್ರ್ಯ ಇತ್ತು. ನಲಿ-ಕಲಿಯ ಏಣಿ ಹೇಳೋದೂ ಅದನ್ನೇ ಅಲ್ವಾ?

ದೊಡ್ಡ ಸಮೀಕ್ಷೆಗಳ ಸುದ್ದಿ ಪತ್ರಿಕೆಯಲ್ಲಿ ಓದುತ್ತಿರುತ್ತೀರಿ. 'ಪ್ರಥಮ್' ಸಂಸ್ಥೆ 2005ರಿಂದ ನಡೆಸುತ್ತಿರುವ 'ಅಸರ್' ಅಂಥದ್ದು. ಮನೆಗೇ ಹೋಗಿ, ಮಗುವಿನ ಪಕ್ಕ ಕೂತು, ಅಕ್ಷರ, ಪದ, ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ, ಹೀಗೆ ಒಂದೊಂದಾಗಿ ಓದಿಸುತ್ತಾರೆ. ಇಡೀ ದೇಶದ ಗ್ರಾಮೀಣ ಭಾಗದಲ್ಲಿ ಎರಡನೇ ತರಗತಿಯ ಕಥೆ ಓದಬಲ್ಲ ಮೂರನೇ ತರಗತಿ ಮಕ್ಕಳು 2018ರಲ್ಲಿ ಶೇ 27.3 ಇದ್ದರು. ಕೊರೊನಾದಿಂದ ಶಾಲೆ ಮುಚ್ಚಿದ ಮೇಲೆ 2022ರಲ್ಲಿ ಶೇ 20.5ಕ್ಕೆ ಇಳಿಯಿತು. 2024ರಲ್ಲಿ ಶೇ 27.1ಕ್ಕೆ ಬಂತು. ಅಂದರೆ ಹಳೆಯ ಮಟ್ಟಕ್ಕೆ ಹೆಚ್ಚುಕಡಿಮೆ ವಾಪಸ್ ಬಂದಿದ್ದೇವೆ, ಆದರೆ ಆ ಹಳೆಯ ಮಟ್ಟದಲ್ಲೇ ನಾಲ್ವರಲ್ಲಿ ಮೂವರು ಮಕ್ಕಳು ಹಿಂದೆ ಉಳಿದಿದ್ದರು. ಕೇಂದ್ರ ಸರ್ಕಾರವೂ 2024ರ ಡಿಸೆಂಬರ್‌ನಲ್ಲಿ ಮೂರು, ಆರು, ಒಂಬತ್ತನೇ ತರಗತಿಗಳಿಗೆ 'ಪರಖ್' ಸಮೀಕ್ಷೆ ನಡೆಸಿತು. ಇವೆಲ್ಲ ಮಾದರಿ ಸಮೀಕ್ಷೆಗಳು. ಕೆಲವು ಊರು, ಕೆಲವು ಶಾಲೆ ಆರಿಸಿ ಒಟ್ಟಾರೆ ಸ್ಥಿತಿ ಹೇಳುತ್ತವೆ. ನಿಮ್ಮ ಶಾಲೆ ಹೇಗಿದೆ ಅಂತ ಅವು ಹೇಳಲಾರವು. ನಿಮ್ಮ ಜಿಲ್ಲೆಯ ಅಂಕಿ ಹಿಡಿದು ನಿಮ್ಮ ಶಿಕ್ಷಕರನ್ನು ಪ್ರಶ್ನೆ ಮಾಡೋದು ನ್ಯಾಯ ಅಲ್ಲ.

ಅಳತೆಗೋಲೂ ಸರಿಯಿರಬೇಕು. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಓದು-ಲೆಕ್ಕದ ಯೋಜನೆ 'ನಿಪುಣ್ ಭಾರತ್' ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡಿಕೊಂಡು ಓದಬೇಕು ಅನ್ನುವ ಗುರಿ ಇಟ್ಟಿತು. ಹಿಂದಿಯಲ್ಲಿ ಎರಡು ಮೂರು ಪದ ಆಗುವುದು ನಮ್ಮಲ್ಲಿ ಒಂದೇ ಪದ. 'ಮನೆಯಿಂದ', 'ಹೋಗುತ್ತಿದ್ದಾಗ', 'ಕೊಟ್ಟುಬಿಟ್ಟಳು'. ಕನ್ನಡದ ಮಗು 60 ಪದ ಓದಿದರೆ ಎಷ್ಟು ಅಕ್ಷರ ಓದಿದಂತಾಯಿತು ಯೋಚನೆ ಮಾಡಿ. 2022ರಲ್ಲಿ ಕೇಂದ್ರದ ಶಿಕ್ಷಣ ಸಂಶೋಧನಾ ಸಂಸ್ಥೆ ಎನ್‌ಸಿಇಆರ್‌ಟಿ ದೇಶದ ಬೇರೆ ಬೇರೆ ಭಾಷೆಗಳಲ್ಲಿ ಮೂರನೇ ತರಗತಿ ಮಕ್ಕಳನ್ನು ಓದಿಸಿ ನೋಡಿ, ಪ್ರತಿ ಭಾಷೆಗೂ ಬೇರೆ ಬೇರೆ ಮಟ್ಟ ಗೊತ್ತುಮಾಡಿತು. ಅದು ಸರಿಯಾದ ದಾರಿ. ಆದರೂ ಈಗಲೂ ಕೆಲವರು ಗಡಿಯಾರ ಹಿಡಿದು ಮಗುವನ್ನು ಓಡಿಸುತ್ತಾರೆ. ನಿಮ್ಮ ಶಾಲೆಯಲ್ಲಿ ಹಾಗೆ ಆಗೋದು ಕಂಡರೆ ದಯವಿಟ್ಟು ತಡೆಯಿರಿ. ವೇಗ ಓದಿನ ಜೊತೆಗೆ ತಾನಾಗೇ ಬರುತ್ತದೆ. ಓದಿದ್ದನ್ನು ತನ್ನ ಮಾತಲ್ಲಿ ಹೇಳೋಕೆ ಬರುತ್ತಾ ಅನ್ನೋದೇ ದೊಡ್ಡದು.

ಒಂದು ಪದ್ಧತಿಗೆ ಎಷ್ಟು ಕಾಲ ಕೊಡಬೇಕು ಅನ್ನೋದಕ್ಕೆ ನಾನು ಯಾವಾಗಲೂ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮವನ್ನು ನೆನೆಯುತ್ತೇನೆ. 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುವಾಯಿತು, 1978ರಲ್ಲಿ ಇಡೀ ಜಿಲ್ಲೆಗೆ ಬಂತು. ಮಕ್ಕಳು ಪ್ರಯೋಗ ಮಾಡಿ ವಿಜ್ಞಾನ ಕಲಿಯಬೇಕು ಅನ್ನೋದು ಆಶಯ. ಅವರು ಪುಸ್ತಕ ಬದಲಿಸಿ ಅಲ್ಲಿಗೇ ನಿಲ್ಲಲಿಲ್ಲ. ಪರೀಕ್ಷೆಯನ್ನೂ ಬದಲಿಸಿದರು. ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ, ಜೊತೆಗೆ ಕೈಯಿಂದ ಮಾಡಿ ತೋರಿಸುವ ಪರೀಕ್ಷೆ. ಶಿಕ್ಷಕರ ಮಾಸಿಕ ಸಭೆಗಳಲ್ಲಿ ಯಾವ ಪ್ರಯೋಗ ನಡೆಯಿತು, ಯಾವುದು ಕೈಕೊಟ್ಟಿತು ಅಂತ ಚರ್ಚೆ, ಅದರ ಮೇಲೆ ಅಧ್ಯಾಯಗಳ ತಿದ್ದುಪಡಿ. ಮೂವತ್ತು ವರ್ಷ ನಡೆದ ಮೇಲೆ 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಆದರೆ ಕಲಿಸುವ ರೀತಿ, ಪರೀಕ್ಷೆ, ಶಿಕ್ಷಕರ ಸಭೆ ಮೂರೂ ಒಂದೇ ದಿಕ್ಕಿಗೆ ಇದ್ದರೆ ಮಾತ್ರ ಬದಲಾವಣೆ ನಿಲ್ಲುತ್ತದೆ ಅನ್ನೋದನ್ನು ನಾನು ಕಲಿತದ್ದು ಅವರಿಂದ.

ನಮ್ಮಲ್ಲಿ ಕಷ್ಟ ಇರೋದು ಇಲ್ಲೇ. ಒಂದರ ಮೇಲೊಂದು ಯೋಜನೆ ಬರುತ್ತವೆ. 2022-23ರಲ್ಲಿ ಕೊರೊನಾ ನಷ್ಟ ತುಂಬಲು ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ 'ಕಲಿಕಾ ಚೇತರಿಕೆ' ತಂದಿತು. ಒಂದರಿಂದ ಒಂಬತ್ತನೇ ತರಗತಿಯವರೆಗೆ ಕಲಿಕಾ ಹಾಳೆಗಳು. ಹಿಂದಿನ ಎರಡು ವರ್ಷದ ಪಾಠ ತಪ್ಪಿದ ಮಕ್ಕಳಿಗೆ ಅಂಥದ್ದು ಬೇಕೇ ಬೇಕಿತ್ತು, ಅದರ ಆಶಯಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಏಣಿ ಒಂದು ಕಡೆ, ಹಾಳೆ ಒಂದು ಕಡೆ, ನಿಪುಣ್ ದಾಖಲೆ ಇನ್ನೊಂದು ಕಡೆ ಆದಾಗ ಶಿಕ್ಷಕರು ಯಾವುದನ್ನು ಹಿಡಿಯಬೇಕು? ಹೊಸದೊಂದನ್ನು ತರುವಾಗ ಹಳೆಯದರಲ್ಲಿ ಯಾವುದನ್ನು ಬಿಡಬೇಕು ಅಂತ ಹೇಳುವ ಧೈರ್ಯ ಇಲಾಖೆಗೆ ಇರಬೇಕು.

ಇನ್ನು ನೀವು ಏನು ಮಾಡಬಹುದು ಅಂತ ಹೇಳುತ್ತೇನೆ. ಎಸ್‌ಡಿಎಂಸಿ ಸದಸ್ಯೆಯಾಗಿ ನಿಮಗೆ ಶಾಲೆಯೊಳಗೆ ಹೋಗಿ ನೋಡುವ ಹಕ್ಕು ಇದೆ. ತಪಾಸಣೆಗೆ ಬಂದವರ ಥರ ಹೋಗಬೇಡಿ. ಶಿಕ್ಷಕರಿಗೆ ಮೊದಲೇ ಹೇಳಿ, ಒಂದು ಬೆಳಿಗ್ಗೆ ಪೂರ್ತಿ ಕೋಣೆಯ ಹಿಂದೆ ಕೂರಿ. ಏನು ನೋಡಬೇಕು? ಮಕ್ಕಳು ತಾವಾಗೇ ಕಾರ್ಡು ತೆಗೆದುಕೊಂಡು ತಮ್ಮ ತಟ್ಟೆಗೆ ಹೋಗುತ್ತಾರಾ, ಅಥವಾ ಎಲ್ಲರೂ ಒಂದೇ ಕಾರ್ಡು ಹಿಡಿದಿದ್ದಾರಾ? ಮೊದಲ ತಟ್ಟೆಯಲ್ಲಿ ಶಿಕ್ಷಕರು ಎಷ್ಟು ಹೊತ್ತು ಕೂರೋಕೆ ಆಯಿತು? ನಡುವೆ ಎಷ್ಟು ಸಲ ಏಳಬೇಕಾಯಿತು, ಯಾಕೆ? ಐದನೇ ತಟ್ಟೆಯ ಮಕ್ಕಳು ಕೆಲಸ ಮಾಡುತ್ತಿದ್ದಾರಾ, ಸುಮ್ನೆ ಕಾಯುತ್ತಿದ್ದಾರಾ? ಆಮೇಲೆ ಶಿಕ್ಷಕರ ಜೊತೆ ಪ್ರಗತಿ ನೋಟದ ಮುಂದೆ ನಿಲ್ಲಿ. ಬಹಳ ದಿನದಿಂದ ಒಂದೇ ಕಡೆ ನಿಂತಿರುವ ಮಕ್ಕಳು ಯಾರು ಅಂತ ಕೇಳಿ. ಎಲ್ಲ ಮಕ್ಕಳೂ ಒಂದೇ ಮೈಲಿಗಲ್ಲಿನಲ್ಲಿ ಇದ್ದರೆ ಏಣಿ ನಡೆಯುತ್ತಿಲ್ಲ ಅಂತ ಅರ್ಥ. ಮಕ್ಕಳು ಚದುರಿದ ಹಾಗೆ ಬೇರೆ ಬೇರೆ ಕಡೆ ಇದ್ದರೆ ಹೆದರಬೇಡಿ, ಅದೇ ಸರಿ.

ಓದಿಸಿ ನೋಡಬೇಕು ಅನ್ನಿಸಿದರೆ ಶಿಕ್ಷಕರ ಜೊತೆಯಲ್ಲೇ ಮಾಡಿ. ಒಂದೊಂದೇ ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸರಳ ಪದಗಳು, ಆಮೇಲೆ ನಾಲ್ಕು ಸಾಲು, ಆಮೇಲೆ ಒಂದು ಪುಟ್ಟ ಕಥೆ. ಐದು ನಿಮಿಷ ಸಾಕು. ಮಗು ನಿಂತರೆ ನಗಬೇಡಿ, ಸರಿಪಡಿಸಬೇಡಿ, ಮುಂದಿನದಕ್ಕೆ ಹೋಗಿ. ಹೆಸರು ಹಚ್ಚಿ ಗೋಡೆಗೆ ಅಂಟಿಸಬೇಡಿ, ಬೇರೆ ಪೋಷಕರ ಮುಂದೆ ಹೇಳಬೇಡಿ. ಅದೇ ಮಕ್ಕಳನ್ನು ಮೂರು ನಾಲ್ಕು ತಿಂಗಳ ನಂತರ ಮತ್ತೆ ಓದಿಸಿ. ಒಂದು ಸಲದ ಫಲಿತಾಂಶದಿಂದ ಪದ್ಧತಿಯ ಬಗ್ಗೆ ಏನೂ ಹೇಳೋಕೆ ಆಗಲ್ಲ, ಅದರಲ್ಲಿ ಮನೆಯ ಸ್ಥಿತಿ, ಅಂಗನವಾಡಿ, ಹಾಜರಿ ಎಲ್ಲ ಸೇರಿರುತ್ತದೆ. ಇದ್ದ ಜಾಗದಿಂದ ಮಗು ಎಷ್ಟು ಮುಂದೆ ಬಂತು ಅನ್ನೋದು ಶಾಲೆಯ ಕೆಲಸವನ್ನು ತೋರಿಸುತ್ತದೆ. ಪಕ್ಕದ ಊರಿನ ಖಾಸಗಿ ಶಾಲೆಯ ಜೊತೆ ಹೋಲಿಸುವವರಿಗೂ ಇದನ್ನೇ ಹೇಳಿ. ಆ ಮಕ್ಕಳು ಎಲ್ಲಿಂದ ಶುರು ಮಾಡಿದರು ಅಂತ ನೋಡದೆ ಹೋಲಿಸೋಕೆ ಬರಲ್ಲ.

ಮುಂದಿನ ಎಸ್‌ಡಿಎಂಸಿ ಸಭೆಗೆ ಮೂರು ವಿಷಯ ತೆಗೆದುಕೊಂಡು ಹೋಗಿ. ಕಾರ್ಡುಗಳ ಪೆಟ್ಟಿಗೆ ಪೂರ್ತಿ ಇದೆಯಾ, ಯಾವ ಕಾರ್ಡು ಇಲ್ಲ ಅಂತ ಪಟ್ಟಿ ಮಾಡಿಸಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತವಾಗಿ ಕಳಿಸಿ. ಬರುವವರೆಗೆ ಕಾಯಬೇಡಿ, ಊರಿನ ಕಾಲೇಜು ಮಕ್ಕಳು ಒಂದು ಭಾನುವಾರ ಕೂತರೆ ಕಾಣೆಯಾದ ಕಾರ್ಡುಗಳನ್ನು ರಟ್ಟಿನ ಮೇಲೆ ಬರೆದು ಕೊಡಬಹುದು. ಎರಡನೆಯದು, ಈ ತಿಂಗಳು ನಲಿ-ಕಲಿ ಶಿಕ್ಷಕರು ಕೋಣೆ ಬಿಟ್ಟು ಬೇರೆ ಕೆಲಸಕ್ಕೆ ಎಷ್ಟು ದಿನ ಹೋಗಬೇಕಾಯಿತು ಅಂತ ದಾಖಲೆ ಇಡಿ. ಶಿಕ್ಷಕರು ಇದನ್ನು ತಾವಾಗಿ ಮೇಲಿನವರಿಗೆ ಹೇಳೋಕೆ ಹಿಂಜರಿಯುತ್ತಾರೆ. ಸಮಿತಿ ಹೇಳಿದರೆ ಅದಕ್ಕೆ ತೂಕ ಇರುತ್ತದೆ. ಮೂರನೆಯದು, ಒಂದು ಸಂಜೆ ಪೋಷಕರನ್ನು ಕರೆದು, ಶಿಕ್ಷಕರ ಕೈಯಲ್ಲೇ ರ ಗ ಸ ದ ಅ ಯಾಕೆ ಮೊದಲು ಅಂತ ಹೇಳಿಸಿ, ಮಕ್ಕಳಿಂದ ಓದಿಸಿ. 'ಅಕ್ಷರ ಬರಲ್ಲ' ಅಂದವರನ್ನೇ ಮುಂದಿನ ಸಾಲಿನಲ್ಲಿ ಕೂರಿಸಿ. ನಿಮ್ಮ ಮಗಳನ್ನು ಶಾಲೆ ಬಿಡಿಸಬೇಕಾ ಅನ್ನುವ ಯೋಚನೆ ಏನಾದರೂ ಇದ್ದರೆ, ಅದನ್ನು ಈ ಮೂರೂ ಆದ ಮೇಲೆ, ಮೂರನೇ ತರಗತಿಯ ದಸರಾ ರಜೆಯ ಹೊತ್ತಿಗೆ ಮತ್ತೆ ಯೋಚಿಸಿ. ಈಗ ಬೇಡ.